ಹಿಂದೆ ಕೂತವರಿಗೆ ಏನು ಕಾಣುತ್ತದೆ

ಕನ್ನಡಕದಂಗಡಿಯವರಿಗೆ ಬೈಕು ಕೊಳ್ಳಲು ಹೆಂಡತಿ ಬಿಡುತ್ತಿಲ್ಲವೆಂಬ ಮಾತು ಬೀದಿಯಲ್ಲಿ ಬಹಳ ದಿನ ಓಡಾಡಿತು. ಐವತ್ತು ದಾಟಿದ ಮನುಷ್ಯ ಭಾನುವಾರ ಬಂತೆಂದರೆ ಷೋರೂಮಿಗೆ ಹೋಗುವುದು, ದೂರ ಪ್ರಯಾಣಕ್ಕೆಂದೇ ಮಾಡಿದ ದೊಡ್ಡ ಬೈಕುಗಳನ್ನು ಸುತ್ತಿ ಸುತ್ತಿ ನೋಡುವುದು, ಹೋದ ಹಾಗೆಯೇ ಬರಿಗೈಯಲ್ಲಿ ಮರಳುವುದು. ಇದಕ್ಕೆ ಬೇರೆ ಕಾರಣ ಯಾರಿಗೂ ಹೊಳೆಯಲಿಲ್ಲ. ಬ್ಯಾಂಕಿನ ಕಾರ್ಡನ್ನು ಆಕೆ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾರೆಂದು ಪಕ್ಕದಂಗಡಿಯ ದರ್ಜಿ ಕಣ್ಣಾರೆ ಕಂಡವನಂತೆ ವರ್ಣಿಸುತ್ತಿದ್ದ.

ಅದರಲ್ಲಿ ಹುರುಳಿರಲಿಲ್ಲ. ಕೊಂಡುಕೊಳ್ಳಿರೆಂದು ಬೆನ್ನು ಹತ್ತಿದವರೇ ಆಕೆ. ಮೀನ ಮೇಷ ಎಣಿಸುತ್ತಿದ್ದವರು ಕನ್ನಡಕದಂಗಡಿಯವರು.

ಅವರ ಕಸುಬೇ ಪರರಿಂದ ಆಯ್ಕೆ ಮಾಡಿಸುವುದು. ಅಂಗಡಿಯ ಹಿಂಭಾಗದಲ್ಲಿ ಪರದೆ ಎಳೆದ ಕಿರಿದಾದ ಕೋಣೆಯೊಂದಿದೆ. ಬಂದವರನ್ನು ಬೆಳಕಿನ ಅಕ್ಷರಗಳ ಎದುರು ಕೂರಿಸಿ, ಮೂಗಿನ ಮೇಲೊಂದು ಭಾರದ ಲೋಹದ ಚೌಕಟ್ಟು ಇಟ್ಟು, ಗಾಜಿನ ಬಿಲ್ಲೆಯನ್ನು ಅತ್ತಿತ್ತ ತಿರುಗಿಸುತ್ತ, ಇದು ಚೆನ್ನಾಗಿದೆಯೋ ಅದು ಚೆನ್ನಾಗಿದೆಯೋ ಎಂದು ಕೇಳುತ್ತಾರೆ. ಉತ್ತರ ಬಂದಷ್ಟೂ ಬಿಲ್ಲೆ ಬದಲಾಗುತ್ತದೆ. ಕೊನೆಗೆ ಎರಡೂ ಒಂದೇ ಥರ ಇವೆಯಲ್ಲ ಎಂದು ಜನ ಸೋತ ದನಿಯಲ್ಲಿ ಒಪ್ಪಿಕೊಂಡಾಗ ಇವರ ಮುಖ ಅರಳುತ್ತದೆ. ವ್ಯತ್ಯಾಸ ಕಾಣದಾಯಿತೆಂದರೆ ಸರಿಯಾದ ಗಾಜು ಸಿಕ್ಕಿತೆಂದು ಅರ್ಥ. ಪರೀಕ್ಷೆ ಅಲ್ಲಿಗೆ ಮುಗಿಯಿತು.

ಬೈಕಿನ ವಿಷಯದಲ್ಲಿ ಮಾತ್ರ ಮುಗಿಯಲಿಲ್ಲ. ಒಂದೇ ಕಂಪನಿಯ ಎರಡು ಮಾದರಿಗಳು. ಎಂಜಿನ್ ಒಂದೇ, ಟ್ಯಾಂಕು ಒಂದೇ, ಬೆಲೆಯಲ್ಲಿಯೂ ಹೇಳಿಕೊಳ್ಳುವಂಥ ಅಂತರವಿಲ್ಲ. ಒಂದರ ಸೀಟು ತಗ್ಗು, ಉದ್ದಕ್ಕೂ ಸಪಾಟು. ಇನ್ನೊಂದರದು ಎತ್ತರ, ಹಿಂದಿನ ಅರ್ಧಭಾಗ ಮೆಟ್ಟಿಲಿನಂತೆ ಮೇಲೆದ್ದದ್ದು. ತಗ್ಗಿನದರ ಮೇಲೆ ಕೂತರೆ ಅವರ ಹಿಮ್ಮಡಿ ಸಲೀಸಾಗಿ ನೆಲ ಮುಟ್ಟುತ್ತಿತ್ತು. ಕುಳ್ಳಗಿರುವವರಿಗೆ ಅದೇನು ಸಣ್ಣ ಸಮಾಧಾನವಲ್ಲ. ಎತ್ತರದ್ದಕ್ಕಾದರೋ ಉದ್ದನೆಯ ಗಾಳಿತಡೆಯಿತ್ತು, ಎದೆಗೆ ಗಾಳಿ ಬಡಿಯುತ್ತಿರಲಿಲ್ಲ. ಇದನ್ನು ಓಡಿಸುವಾಗ ಅದು ನೆನಪಾಗುತ್ತಿತ್ತು, ಅದನ್ನು ಓಡಿಸುವಾಗ ಇದು. ಎರಡೂ ಬೈಕುಗಳ ವಿಡಿಯೊಗಳನ್ನು ಕಳಿಸಿ ಕಳಿಸಿ ಬೇಸತ್ತ ಭಾವಮೈದುನ ಒಂದು ದಿನ ಮನೆಗೇ ಬಂದ.

"ಭಾವ, ನಮ್ಮಕ್ಕನ್ನ ಒಪ್ಪೋವಾಗ್ಲೂ ನೀವು ಇಷ್ಟು ಯೋಚನೆ ಮಾಡಿರ್ಲಿಲ್ಲ."

"ಆಗ ಇನ್ನೊಂದು ಮಾಡೆಲ್ ಇರ್ಲಿಲ್ಲ ಬಿಡೋ," ಎಂದರು ಅಕ್ಕ, ಒಳಗಿನಿಂದಲೇ.

ಆತ ಹೋದ ಮೇಲೆ ಕನ್ನಡಕದಂಗಡಿಯವರು ಎರಡರ ಚಿತ್ರಗಳನ್ನೂ ಹೆಂಡತಿಯ ಮುಂದೆ ಹಿಡಿದು, ಅಭ್ಯಾಸಬಲದಿಂದ, ಇದೋ ಅದೋ ಎಂದು ಕೇಳಿದರು. ಎರಡೂ ಒಂದೇ ಎಂಬ ಉತ್ತರ ಬಂತು. ಅವರ ಮುಖ ಅರಳುವಷ್ಟರಲ್ಲಿ ಆಕೆ ಮಾತು ಮುಂದುವರಿಸಿದರು.

"ಯಾವ್ದು ತಗೊಂಡ್ರೂ ನಂಗೆ ಕಾಣೋದು ನಿಮ್ಮ ಬೆನ್ನೇ ತಾನೆ?"

ಅವರಿಗೆ ಅರ್ಥವಾಗಲಿಲ್ಲ. ಮದುವೆಯಾದ ಹೊಸತರಲ್ಲಿ ಹಳೆಯ ಬೈಕಿನಲ್ಲಿ ಹೋದ ಪ್ರವಾಸವನ್ನು ನೆನಪಿಸಿದರು: ರಸ್ತೆಗಂಟಿಕೊಂಡ ಕೆರೆ, ಒಮ್ಮೆಲೇ ಮೇಲೆದ್ದ ಹಕ್ಕಿಗಳ ಹಿಂಡು. ಕೆರೆಯನ್ನು ತಾನು ಕಂಡೇ ಇಲ್ಲವೆಂದರು ಆಕೆ. ಕಂಡದ್ದು ಗಂಡನ ಜಾಕೆಟ್ಟಿನ ಬಿಚ್ಚಿಹೋದ ಹೊಲಿಗೆ, ಅದರಿಂದ ಹೊರಬಂದು ಗಾಳಿಗೆ ಹಾರಾಡುತ್ತಿದ್ದ ಒಂದು ಬಿಳಿ ದಾರ. ಅದನ್ನು ಕಿತ್ತುಹಾಕಬೇಕೆಂದು ದಾರಿಯುದ್ದಕ್ಕೂ ಕೈ ತುರಿಸುತ್ತಿತ್ತಂತೆ. ತಿರುವುಗಳು ಅವರಿಗೆ ಮೊದಲೇ ಗೊತ್ತಾಗುತ್ತಿದ್ದವು, ಆಕೆಗೆ ಬಂದ ಮೇಲೆ. ಬೈಕು ಕೊಳ್ಳಿ, ಧಾರಾಳವಾಗಿ ಸುತ್ತಿ ಬನ್ನಿ, ನಾನು ಮಾತ್ರ ಬರುವುದಿಲ್ಲ ಎಂದು ಆಕೆ ಕೋಪವಿಲ್ಲದೆ ಹೇಳಿ ಬಟ್ಟೆ ಮಡಚತೊಡಗಿದರು.

ಕನ್ನಡಕದಂಗಡಿಯವರು ಪ್ರಯಾಣಕ್ಕೆಂದು ಮನಸ್ಸಿನಲ್ಲಿ ಹಾಕಿಕೊಂಡ ದಾರಿಗಳೆಲ್ಲ ಇಬ್ಬರಿಗಾಗಿ ಹಾಕಿಕೊಂಡವು. ಒಬ್ಬರೇ ಹೋಗುವುದಾದರೆ ಬೈಕೇ ಬೇಕಿರಲಿಲ್ಲ.

ಮುಂದಿನ ಭಾನುವಾರ ಅವರು ಷೋರೂಮಿನ ಮಾರಾಟಗಾರನನ್ನು ಮುಂದೆ ಕೂರಿಸಿ ತಾವು ಹಿಂದೆ ಹತ್ತಿದರು. ಓಡಿಸೋದು ನೀವೇ ಅಲ್ಲವೇ ಸಾರ್ ಎಂದು ಆತ ತಲೆ ಕೆರೆದುಕೊಂಡ. ತಗ್ಗಿನದರಲ್ಲಿ ಅವರಿಗೆ ಕಂಡದ್ದು ಆತನ ಹೆಲ್ಮೆಟ್ಟಿನ ಹಿಂಬದಿಯ ಜಾಹೀರಾತು ಚೀಟಿ. ಒಂದು ಸುತ್ತು ಮುಗಿಯುವಷ್ಟರಲ್ಲಿ ಅದು ಬಾಯಿಪಾಠವಾಗಿತ್ತು. ಎತ್ತರದ್ದರಲ್ಲಿ ಆತನ ಭುಜದ ಮೇಲಿಂದ ರಸ್ತೆ ಕಂಡಿತು, ಎದುರಿನ ಲಾರಿ ಕಂಡಿತು, ವೇಗದ ಮುಳ್ಳೂ ಕಂಡಿತು. ಅದೇ ರಸ್ತೆಯನ್ನು ಮೊದಲ ಸಲ ನೋಡುತ್ತಿರುವವರಂತೆ ಅವರು ಕತ್ತು ನೀಡಿ ಕೂತಿದ್ದರು.

ಆದರೆ ಹೆಂಡತಿ ಅವರಿಗಿಂತಲೂ ಗಿಡ್ಡ. ಆಕೆಯನ್ನು ಕರೆತಂದರು. ಷೋರೂಮಿನ ಹಿಂದಿನ ಅಂಗಳದಲ್ಲಿ ಮೊದಲು ತಗ್ಗಿನದರಲ್ಲಿ ಒಂದು ಸುತ್ತು ಹಾಕಿ, ಏನು ಕಾಣುತ್ತಿದೆ ಎಂದು ಕೇಳಿದರು. ಬೆನ್ನು, ಎಂದರು ಆಕೆ. ಆಮೇಲೆ ಎತ್ತರದ್ದು ಹತ್ತಿ ಅದೇ ಪ್ರಶ್ನೆ.

"ನಿಮ್ಮ ಕಿವಿ," ಎಂದರು ಆಕೆ. ಆಮೇಲೆ ಕತ್ತು ನೀಡಿ, "ಅಲ್ಲಿ ಹಳದಿ ಗೇಟು. ರೀ, ನಾಯಿ ಬರ್ತಿದೆ, ನಿಧಾನ."

ಅವರು ಬ್ರೇಕು ಒತ್ತಿದರು. ನೆಲಕ್ಕೆ ತಾಗಿದ್ದು ಕಾಲ್ಬೆರಳ ತುದಿ ಮಾತ್ರ; ಅದೂ ಜಲ್ಲಿಯ ಮೇಲೆ ಜಾರಿತು. ಬೈಕು ವಾಲಿತು. ಮಾರಾಟಗಾರ ಓಡಿಬಂದು ಹಿಡಿದದ್ದರಿಂದ ಯಾರೂ ಬೀಳಲಿಲ್ಲ.

ಆಕೆ ಇಳಿದು ಸೆರಗು ಸರಿಪಡಿಸಿಕೊಂಡರು. "ನಂಗೆ ಕಾಣ್ಲಿ ಅಂತ ಇಬ್ರೂ ಬೀಳೋದು ಬೇಡ. ಆ ತಗ್ಗಿಂದೇ ತಗೊಳ್ಳಿ."

"ಅದನ್ನ ತಗೊಂಡ್ರೆ ಬರ್ತೀಯಾ?"

"ಇಲ್ಲ."

ಕನ್ನಡಕದಂಗಡಿಯವರು ಎತ್ತರದ್ದರ ಸೀಟಿನ ಮುಂಭಾಗವನ್ನು ಹೆಬ್ಬೆರಳಿನಿಂದ ಒತ್ತುತ್ತ ನಿಂತರು. ಅದನ್ನು ಕಂಡು ಮಾರಾಟಗಾರ ಹೇಳಿದ: ಕುಳ್ಳಗಿರುವವರು ಸೀಟಿನ ಸ್ಪಂಜು ಕೊಯ್ಯಿಸಿಕೊಳ್ಳುವುದುಂಟು, ಎರಡು ಬೆರಳಿನಷ್ಟು ತಗ್ಗಬಹುದು, ಕಂಪನಿಯ ಗ್ಯಾರಂಟಿ ಮಾತ್ರ ಹೋಗುತ್ತದೆ. ಕನ್ನಡಕದಂಗಡಿಯವರು ಬಾಯಿ ತೆರೆಯುವ ಮೊದಲೇ ಹೆಂಡತಿ ಕೇಳಿದರು.

"ಮುಂದಿಂದು ಮಾತ್ರ ತಾನೆ? ಹಿಂದಿಂದು ಮುಟ್ಟಲ್ಲ ಅಲ್ವಾ?"

ಆ ಪ್ರಶ್ನೆ ಕಿವಿಗೆ ಬಿದ್ದ ಮೇಲೆ ಅವರು ಮತ್ತೇನನ್ನೂ ತೂಗಿ ನೋಡಲಿಲ್ಲ. ಎತ್ತರದ್ದಕ್ಕೇ ಮುಂಗಡ ಕೊಟ್ಟರು.

ಬೈಕು ಈಗ ಅಂಗಡಿಯ ಹಿಂದೆ ಹೊದಿಕೆ ಹೊದ್ದು ನಿಂತಿದೆ. ಸೀಟು ಮಾತ್ರ ಅದನ್ನು ಕೊಯ್ದು ಹೊಲಿಯುವವನ ಬಳಿಯಿದೆ. ಒಮ್ಮೆ ಕೊಯ್ದು ನೋಡಿದ್ದಾಯಿತು, ಹಿಮ್ಮಡಿ ಇನ್ನೂ ಪೂರ್ತಿ ಊರುತ್ತಿಲ್ಲ; ಇನ್ನಷ್ಟು ಕೊಯ್ದರೆ ದೂರದ ದಾರಿಯಲ್ಲಿ ಹಲಗೆಯ ಮೇಲೆ ಕೂತಂತಾದೀತೆಂದು ಆತ ಎಚ್ಚರಿಸಿದ್ದಾನೆ. ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ಒಂದು ಪ್ರಯಾಣಕ್ಕೆ ಹೆಂಡತಿ ಒಪ್ಪಿದ್ದಾರೆ. ದೊಡ್ಡ ಪ್ರವಾಸದ ಮಾತು ಅದಾದ ಮೇಲೆ ಎಂದಿದ್ದಾರೆ.