ಪೂಜೆಗೆಂದು ತಂದಿಟ್ಟ ಬಂದೂಕು

ಕಾಶವ್ವಾ, ನಿನ್ನ ಗಂಡ ಬಸಪ್ಪನ ಬಂದೂಕನ್ನು ನಿಮ್ಮ ಖೋಲಿಗೆ ತಂದಿಟ್ಟವನು ನಾನು. ಅವನು ಕೇಳಿರಲಿಲ್ಲ. ‘ಪೂಜೆಗೆ ಮನಿಗೆ ತಗೊಂಡ ಬಾ ಅಂತ ಕಾಶವ್ವ ಊರಿಂದ ಪತ್ರ ಬರದಾಳ ಅಂತ ಬಸಪ್ಪ ಅಂದ, ಅದಕ್ಕ ಕೊಟ್ಟೆ’ ಎಂದು ಪೊಲೀಸರ ಮುಂದೆ ಹೇಳಿದೆ, ಆಮೇಲೆ ನಿನ್ನ ಮುಂದೆಯೂ ಹೇಳಿದೆ — ಅದು ಸುಳ್ಳು. ಎಂಟು ವರ್ಷವಾಯಿತು. ಹೊತ್ತು ಹೊತ್ತು ಸಾಕಾಗಿದೆ, ತಂಗಿ.

ನಮ್ಮ ಕೆಲಸವೇ ಹಾಗಿತ್ತು. ಅಂಧೇರಿಯ ಆ ಕಾರ್ಖಾನೆಯ ಗೇಟು ಕಾಯಲು ಪಲ್ಟಣಿನ ಸಿಪಾಯಿಗಿರಿ ಮುಗಿಸಿ ಬಂದವರೇ ಬೇಕು, ಬಂದೂಕು ನಮ್ಮದೇ ಇರಬೇಕು, ಲೈಸೆನ್ಸೂ ನಮ್ಮದೇ. ಡ್ಯೂಟಿ ಮುಗಿದರೆ ಅದೂ ನಮ್ಮ ಜೊತೆ ಲೋಕಲ್ ಹತ್ತಿ ಮಲಾಡಿನ ಚಾಳಿಗೆ ಬರುತ್ತಿತ್ತು. ಹತ್ತು ಅಡಿ ಖೋಲಿಯಲ್ಲಿ ಹಿಟ್ಟಿನ ಡಬ್ಬಿ, ಹಾಸಿಗೆ, ಟ್ರಂಕು, ಮೂಲೆಗೊಂದು ಬಂದೂಕು. ನಮಗದು ಕೊಡೆ ಇದ್ದ ಹಾಗೆ. ಹೆದರಬೇಕೆಂದು ಹೊಳೆಯಲೇ ಇಲ್ಲ.

ಹೆದರಿದವಳು ನೀನೊಬ್ಬಳೇ. ಆ ವರ್ಷ ಬಸಪ್ಪ ಊಟ ಬಿಟ್ಟ, ಮಾತು ಬಿಟ್ಟ. ಪಾರ್ಲೆಯ ಡಾಕ್ಟರು ಗುಳಿಗೆ ಬರೆದುಕೊಟ್ಟು ಮೂರು ತಿಂಗಳು ರಜೆ ಹಾಕಿಸಿದರು. ಆಗ ನೀನು ಬಂದೂಕನ್ನೂ ಗುಂಡುಗಳಿದ್ದ ತೋಟಾದ ಪಟ್ಟಿಯನ್ನೂ ಚಾದರದಲ್ಲಿ ಸುತ್ತಿಕೊಂಡು ನಮ್ಮ ಬಾಗಿಲಿಗೆ ಬಂದೆ.

‘ಅಣ್ಣಾರ, ಇದು ನಮ್ಮ ಮನ್ಯಾಗ ಬ್ಯಾಡ್ರಿ. ಅವರ ಮನಸ್ಸು ನೆಟ್ಟಗಿಲ್ಲ. ನಿಮ್ಮ ಟ್ರಂಕಿನ್ಯಾಗ ಕೀಲಿ ಹಾಕಿ ಇಡ್ರಿ.’

ಇಟ್ಟೆ. ಒಳಗೊಳಗೆ ನಕ್ಕೆ ಕೂಡ — ಹೆಂಗಸರ ಅಂಜಿಕೆ ಎಂದು. ಆ ಮಳೆಗಾಲದಲ್ಲಿ ಎರಡು ಸಲ ಅವನಿಗೆ ಆ ಗಳಿಗೆ ಬಂತು. ‘ನಾ ಇದ್ದು ಏನ ಮಾಡೂದೈತಿ’ ಎಂದು ನಿಮ್ಮ ಖೋಲಿಯ ಟ್ರಂಕು, ಮೂಲೆ ಎಲ್ಲ ತಡಕಾಡಿದ ಎಂದು ನೀನೇ ಹೇಳಿದ್ದೆ. ಸಿಗಲಿಲ್ಲ. ಅತ್ತ, ಮಲಗಿದ, ಮರುದಿನ ಎದ್ದು ಚಹಾ ಕೇಳಿದ. ಅಂಥ ಗಳಿಗೆ ಬರುತ್ತದೆ, ಹೋಗುತ್ತದೆ. ಅದು ಹೋಗುವ ತನಕ ಕೈಗೆ ಏನೂ ಸಿಗಬಾರದು, ಅಷ್ಟೇ. ಇದು ನಿನಗೆ ಗೊತ್ತಿತ್ತು. ಪಲ್ಟಣಿನಲ್ಲಿ ಹದಿನೈದು ವರ್ಷ ಬಂದೂಕು ಹಿಡಿದ ನನಗೆ — ಇರಲಿ.

ನವರಾತ್ರಿಗೆ ನೀನು ನಿನ್ನ ತಂಗಿಯ ಬಾಣಂತನಕ್ಕೆಂದು ಮಗಳನ್ನು ಕರೆದುಕೊಂಡು ಗದಗಕ್ಕೆ ಹೋದೆ. ಅವನು ಆಗ ಚೇತರಿಸಿಕೊಂಡಿದ್ದ, ನನ್ನ ಜೊತೆ ಸ್ಟೇಷನ್ ತನಕ ಅಡ್ಡಾಡಿ ಬರುತ್ತಿದ್ದ. ಖಂಡೇ ಪೂಜೆಯ ದಿನ ನನ್ನ ಬಂದೂಕಿಗೆ ಕುಂಕುಮ ಹಚ್ಚಿದೆ. ಪಕ್ಕದಲ್ಲಿ ಅವನದು ಪೂಜೆಯಿಲ್ಲದೆ ಟ್ರಂಕಿನಲ್ಲಿ ಬಿದ್ದಿತ್ತು. ಮನಸ್ಸಿಗೆ ಸರಿಬರಲಿಲ್ಲ. ಸಿಪಾಯಿಯ ಆಯುಧಕ್ಕೆ ಅವನ ಮನೆಯಲ್ಲೇ ಪೂಜೆಯಾಗಬೇಕು, ಅದರಿಂದ ಅವನಿಗೂ ಗೆಲುವಾದೀತು — ಹೀಗೆ ಏನೇನೋ ಅಂದುಕೊಂಡೆ. ಅಂದೇ ಬೆಳಿಗ್ಗೆ ಒಯ್ದು ನಿಮ್ಮ ದೇವರ ಮುಂದೆ ಇಟ್ಟು, ಚೆಂಡು ಹೂ ಹಾಕಿ, ಕಾಯಿ ಒಡೆದೆ. ಚಂದ ಕಾಣಲಿ ಎಂದು ತೋಟಾದ ಪಟ್ಟಿಯನ್ನೂ ಇಟ್ಟೆ.

ಸಂಜೆ ವಾಪಸ್ ಒಯ್ಯಬಹುದಿತ್ತು. ಪೂಜೆಗಿಟ್ಟ ಆಯುಧವನ್ನು ಮರುದಿನದ ತನಕ ಅಲುಗಿಸಬಾರದಲ್ಲ. ಬಿಟ್ಟು ಬಂದೆ. ಮರುದಿನ ಬನ್ನಿ ಕೊಡಲು ಹೋದಾಗ ನಿಮ್ಮ ಬಾಗಿಲ ಮುಂದೆ ಚಾಳಿಗೆ ಚಾಳೇ ನಿಂತಿತ್ತು.

ಇನ್ಸ್‌ಪೆಕ್ಟರು ಕೇಳಿದಾಗ ಬಾಯಿಗೆ ಬಂದದ್ದು ಆ ಪತ್ರದ ಮಾತು. ಸತ್ತವನು ಎದ್ದು ಬಂದು ಅಲ್ಲವೆನ್ನುವುದಿಲ್ಲ — ಅಷ್ಟು ಲೆಕ್ಕ ಆ ಹೊತ್ತಿನಲ್ಲೂ ಹಾಕಿದೆ ನೋಡು. ನೀನು ಗದಗದಿಂದ ಬಂದು, ‘ನಾ ಪತ್ರಾನ ಬರದಿಲ್ಲಲ್ರಿ ಅಣ್ಣಾರ’ ಎಂದೆ. ನಾನು ನಿನ್ನ ಮುಂದೆಯೂ ಅದೇ ಸುಳ್ಳನ್ನು ಹೇಳಿದೆ.

ಆ ವರ್ಷವೇ ನನ್ನ ಬಂದೂಕನ್ನು ಠಾಣೆಗೆ ಒಪ್ಪಿಸಿ ಬೇರೆ ಕೆಲಸ ಹಿಡಿದೆ. ಜನ ಅದನ್ನು ಗೆಳೆಯನ ದುಃಖ ಅಂದುಕೊಂಡರು. ಅಂದುಕೊಳ್ಳಲಿ ಎಂದು ಬಿಟ್ಟೆ.

ಹೋದ ವಾರ ಅವನ ತಿಥಿಗೆ ಬಂದಿದ್ದೆ. ನೀನು ಮಗಳಿಗೆ ಎಡೆ ಬಡಿಸಲು ಹೇಳಿ ಗೋಡೆ ಕಡೆ ತಿರುಗಿ ಕೂತೆ. ‘ಅವರು ಕಡೀಗೆ ನನ್ನ ಹೆಸರಿಲೇ ಸುಳ್ಳ ಹೇಳಿ ಹ್ವಾದ್ರಲ್ಲ’ ಎಂದೆ. ನಿನ್ನ ಸಿಟ್ಟೆಲ್ಲ ಎಂಟು ವರ್ಷದಿಂದ ಅವನ ಮೇಲೇ ಇದೆ, ಅಲ್ಲವೇ? ಅಲ್ಲೇ ಕೂತು ಹೋಳಿಗೆ ತಿಂದು ಎದ್ದು ಬಂದೆ ನಾನು. ನಾಚಿಕೆಯಾಗಬೇಕು ನನ್ನ ಜನ್ಮಕ್ಕೆ.

ಭಾನುವಾರ ಬರುತ್ತೇನೆ. ಈ ಪತ್ರದಲ್ಲಿ ಬರೆದದ್ದನ್ನೆಲ್ಲ ಮಗಳ ಮುಂದೆ ಇನ್ನೊಮ್ಮೆ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ಠಾಣೆಗೆ ಹೋಗು ಎಂದರೆ ಹೋಗುತ್ತೇನೆ, ಮುಖ ತೋರಿಸಬೇಡ ಎಂದರೆ ತೋರಿಸುವುದಿಲ್ಲ.

ಇನ್ನೊಂದು ಮಾತಿದೆ. ಇದನ್ನು ಹೇಳುವ ಧೈರ್ಯವಿಲ್ಲದೆ ಉಳಿದದ್ದನ್ನೂ ನುಂಗಿದ್ದೆ. ಅಂದು ಬೆಳಿಗ್ಗೆ ಬಂದೂಕು ನೋಡಿದ ಕೂಡಲೇ ಬಸಪ್ಪ ಹಿಂದೆ ಸರಿದ. ‘ಬ್ಯಾಡೋ ಮಾರಾಯಾ, ಅದು ನಿನ್ನ ಕಡೇನ ಇರ್ಲಿ’ ಎಂದ. ‘ಹಬ್ಬದ ದಿನ ಹಂಗನ್ನಬಾರದು, ಸಿಪಾಯಿ ಅದೀ ಇಲ್ಲೋ’ ಎಂದು ನಾನು ನಕ್ಕೆ. ಹೊರಡುವಾಗ ಬಾಗಿಲ ತನಕ ಬಂದು ಮತ್ತೆ ಹೇಳಿದ — ‘ಒಯ್ಯಿ.’ ಅವನಿಗೆ ಬದುಕಬೇಕಿತ್ತು, ಕಾಶವ್ವಾ. ನಾನು ಒಯ್ಯಲಿಲ್ಲ.