ಹಗೇವಿನಲ್ಲಿ ಆರಿದ ಕಂದೀಲು

ವೈನಿ, ಅವತ್ತು ಹಗೇವಿನೊಳಗೆ ಇಳಿಬಿಟ್ಟ ಕಂದೀಲು ಆರಿತ್ತು. ನಾನು ಕಣ್ಣಾರೆ ನೋಡಿದೆ. ನೋಡಿಯೂ, ಉರಿಯುತ್ತಿದೆ ಎಂದು ಹೇಳಿ ನಿಮ್ಮನ್ನು ಕೆಳಗಿಳಿಸಿದೆ.

ಎಪ್ಪತ್ತರ ದಶಕದ ಮಾತು. ಕಲಘಟಗಿಯಿಂದ ನಮ್ಮಣ್ಣನ ಕೈ ಹಿಡಿದು, ಅಣ್ಣಿಗೇರಿ ಕಡೆಯ ನಮ್ಮ ವಾಡೆಗೆ ನೀವು ಬಂದು ಬಹಳ ದಿನವಾಗಿರಲಿಲ್ಲ. ಪಡಸಾಲೆಯ ಕೆಳಗೆ ಜೋಳ ತುಂಬಿಡುವ ಆ ಹಗೇವಿಗೆ, ನೆಲದೊಳಗಿನ ಕಣಜಕ್ಕೆ, ನಮ್ಮವರು ತಲೆತಲಾಂತರದಿಂದ ಇಳಿದು ಹತ್ತುತ್ತಿದ್ದರು. ಆದರೆ ತಳದ ಗೋಡೆಯಲ್ಲೊಂದು ಕಿಂಡಿಯಿದೆ, ಅದರಾಚೆ ಕಲ್ಲಿನಲ್ಲಿ ಕಟ್ಟಿದ ಸುರಂಗವಿದೆ ಎಂದು ಕಂಡುಹಿಡಿದವರು ನೀವು. ಹಿಂದಿನ ಕಾಲದಲ್ಲಿ ದಂಡು ಬಂದಾಗ ಜನ ಅಡಗುತ್ತಿದ್ದ ಜಾಗವಂತೆ. ಸುದ್ದಿ ಹಬ್ಬಿ ಹುಬ್ಬಳ್ಳಿಯ ಕಾಲೇಜಿನವರು ನೋಡಲು ಬರತೊಡಗಿದರು. ಎಲ್ಲರೂ ನಿಮ್ಮನ್ನೇ ಕೇಳುವವರು. ಮೆಟ್ರಿಕ್ ಓದಿದ ಸೊಸೆ ಎಂದು ಅಪ್ಪ ಬೀಗುವವರು. ನಾನು — ಮನೆಮಗಳು — ಒಳಗೆ ಅವರಿಗೆಲ್ಲ ಅವಲಕ್ಕಿ ಕಲಸುತ್ತಿದ್ದೆ. ಹೊಟ್ಟೆಕಿಚ್ಚು, ಅಷ್ಟೇ. ಅದಕ್ಕೆ ಬೇರೆ ಚಂದದ ಹೆಸರು ಕೊಡಲಾರೆ.

ಮಳೆಗಾಲ ಮುಗಿದ ಮೇಲೆ ಬಂದ ತಂಡ ಹೇಳದೆ ಕೇಳದೆ ಬಂದಿತ್ತು. ಮುಚ್ಚಿಟ್ಟ ಹಗೇವಿನಲ್ಲಿ ಉಸಿರುಗಟ್ಟಿಸುವ ಕೆಟ್ಟ ಹವೆ ತುಂಬಿರುತ್ತದೆ. ಬಾಯಿಗಲ್ಲು ಸರಿಸಿ ಒಂದು ದಿನ ಬಿಡಬೇಕು, ಆಮೇಲೆ ಕಂದೀಲು ಇಳಿಸಿ ನೋಡಬೇಕು. ಆರಿದರೆ ಯಾರೂ ಇಳಿಯುವಂತಿಲ್ಲ. ಅವತ್ತು ಕಲ್ಲು ಸರಿಸಿದ್ದೇ ಆ ತಂಡ ಬಂದ ಮೇಲೆ. ನಮ್ಮಲ್ಲಿ ದೀಪ ಇಳಿಸುವುದು ಮನೆಮಗಳ ಪಾಲು. ಅವಳು ಹೇಳಿದ್ದೇ ಕಡೆಯ ಮಾತು. ಇನ್ನೊಬ್ಬರು ಬಗ್ಗಿ ನೋಡಿದರೆ ಅವಳನ್ನು ನಂಬದಂತೆ.

ಗಂಡಸರು ಅಂಗಳದಲ್ಲಿ ಚಹಾ ಕುಡಿಯುತ್ತಿದ್ದರು. ಅರ್ಧ ಹಗ್ಗ ಇಳಿದಿತ್ತೋ ಇಲ್ಲವೋ, ದೀಪ ಸಣ್ಣಗಾಗಿ ಆರಿಹೋಯಿತು. ಮೇಲೆಳೆದು, ಕಡ್ಡಿ ಗೀರಿ, ಮತ್ತೆ ಹಚ್ಚಿದೆ. ಅಷ್ಟರಲ್ಲಿ ನೀವು ಸೆರಗು ಸಿಕ್ಕಿಸಿಕೊಳ್ಳುತ್ತಾ ಬಂದಿರಿ.

"ಇಳೀರಿ ವೈನಿ. ದೀಪ ಅಗದಿ ಚಲೋ ಉರಿಯಾಕತ್ತಿತ್ತು."

ಬಂದವರು ಕೊಟ್ಟ ಬ್ಯಾಟರಿ ಹಿಡಿದು, ನಡುವಿಗೆ ಹಗ್ಗ ಕಟ್ಟಿಕೊಂಡು ಇಳಿದಿರಿ. ತಲೆ ತಿರುಗಲಿ, ಬೆದರಿ ಕಿರುಚುತ್ತಾ ಮೇಲೆ ಬರಲಿ, ಆ ಕಾಲೇಜಿನವರ ಮುಂದೆ ನಗೆಗೀಡಾಗಲಿ — ಇಷ್ಟೇ ಎಣಿಸಿದ್ದೆ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಸಾವೂ ನೆನಪಾಗಿತ್ತು, ವೈನಿ. ನೆನಪಾಗಿಯೂ ನಾನು ಬಾಯಿ ಬಿಡಲಿಲ್ಲ.

ನೀವು ಕಿರುಚಲೇ ಇಲ್ಲ. ಅಣ್ಣ ಹಗ್ಗ ಜಗ್ಗಿ ಮೇಲೆ ತಂದಾಗ ತುಟಿ ನೀಲಿಗಟ್ಟಿತ್ತು. ಜೀವವೇನೋ ಉಳಿಯಿತು. ಆದರೆ ವಾರಗಟ್ಟಲೆ ಕೈ ನಡುಗುತ್ತಿತ್ತು, ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು, ಕೆಲವೊಮ್ಮೆ ಅಣ್ಣನ ಗುರುತೇ ಸಿಗುತ್ತಿರಲಿಲ್ಲ. ಅವ್ವ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕೇಳಿದಳು.

"ದೀಪ ಆರಿತ್ತೇನ ಗಿರಿಜಾ? ಖರೇ ಹೇಳ."

"ಇಲ್ಲಬೇ."

ಅಲ್ಲಿಗೆ ತೀರ್ಮಾನವಾಯಿತು. ದೀಪ ಉರಿದಿದ್ದರೆ ಹವೆ ಕೆಟ್ಟಿರಲಿಲ್ಲ. ಹವೆ ಕೆಟ್ಟಿರದಿದ್ದರೆ, ಸುರಂಗದಲ್ಲಿ ಸತ್ತವರ್ಯಾರೋ ನಿಮ್ಮನ್ನು ಹಿಡಿದಿರಬೇಕು. ದೆವ್ವ ಬಿಡಿಸುವವನನ್ನು ಕರೆಸಿದರು. ನಿಮ್ಮನ್ನು ಕಂಬಕ್ಕೆ ಕಟ್ಟಿ ಹುಣಸೆ ಬರಲಿನಿಂದ ಹೊಡೆದರು, ಮೆಣಸಿನಕಾಯಿಯ ಹೊಗೆ ಹಾಕಿದರು. ಆ ಮೆಣಸಿನಕಾಯಿ — ಒಳಗಿನಿಂದ ತಂದುಕೊಟ್ಟವಳು ನಾನು. ಹವೆ ಕೆಟ್ಟಿತ್ತು ಎಂದು ಅಷ್ಟು ದಿನ ಹಟ ಹಿಡಿದಿದ್ದ ನೀವು, ಕೆಮ್ಮುತ್ತಾ, ಕಡೆಗೆ ನನ್ನ ಕಡೆ ನೋಡಿದಿರಿ.

"ಗಿರಿಜಾ ಸುಳ್ಳು ಹೇಳಾಕಿ ಅಲ್ಲ. ನನಗ ಏನೋ ಹಿಡದೈತಿ. ಬಿಡಸ್ರೀ..."

ನಿಮ್ಮನ್ನು ತವರಿಗೆ ಕಳಿಸಿದರು. ಅಣ್ಣನಿಗೆ ಬೇರೆ ಮದುವೆಯಾಯಿತು. ನಿಮ್ಮ ತವರಿನವರು ಆಸೆಯಿಂದ ಮಾಡಿಸಿ ಕಳಿಸಿದ್ದ ಬಣ್ಣದ ತೊಟ್ಟಿಲು ನಮ್ಮಲ್ಲೇ ಉಳಿಯಿತು. ಅದರಲ್ಲಿ ಅಣ್ಣನ ಎರಡನೆಯ ಹೆಂಡತಿಯ ಮೊದಲ ಕೂಸನ್ನು ಮಲಗಿಸಿ, ಹಾಡು ಹೇಳಿ ತೂಗಿದವಳೂ ನಾನೇ.

ಹಾಗೆಯೇ ಸಾಯುತ್ತಿದ್ದೆನೋ ಏನೋ. ಹೋದ ತಿಂಗಳು ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ನೀವು ಸಿಕ್ಕಿರಿ. ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನ ಮೊಮ್ಮಗಳು ಓಡಿಹೋಗಿ ನಿಮ್ಮ ಸೆರಗು ಹಿಡಿದಳು. ನೀವು ಬೆಂಕಿ ತಗುಲಿದಂತೆ ಹಿಂದೆ ಸರಿದಿರಿ. ದೆವ್ವ ಬಿಡಿಸುವವನು ಅಂದು ಕಟ್ಟಿದ್ದ ತಾಯಿತ ಇನ್ನೂ ತೋಳಿನಲ್ಲಿತ್ತು.

"ನಾ ಮುಟ್ಟೂದು ಬ್ಯಾಡವಾ. ಅದು ಇನ್ನೂ ನನ್ನ ಬಿಟ್ಟಿಲ್ಲ. ಕೂಸಿಗಿ ಹತ್ತೀತು."

ಅಂದರೆ ಇಷ್ಟು ವರ್ಷ — ಒಂದು ಕೂಸನ್ನೂ ನೀವು — ಆಗಲೂ ನಾನು ಹೇಳಲಿಲ್ಲ. ಕಲಘಟಗಿಯ ಬಸ್ಸು ಬಂತು, ನೀವು ಹತ್ತಿ ಹೋದಿರಿ.

ನಿಮ್ಮನ್ನು ಯಾವುದೂ ಹಿಡಿದಿರಲಿಲ್ಲ, ವೈನಿ. ನಾನು ಕಲಘಟಗಿಗೆ ಬರುತ್ತೇನೆ, ಅಣ್ಣನನ್ನೂ ಕರೆದುಕೊಂಡು. ನಿಮ್ಮ ಮನೆಯವರೆಲ್ಲರ ಎದುರು ನಿಂತು ಇದನ್ನೇ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಮೊಮ್ಮಗಳು ಜೊತೆಗಿರುತ್ತಾಳೆ. ಅವಳನ್ನು ಎತ್ತಿಕೊಳ್ಳಿ. ನನ್ನನ್ನು ಮುಟ್ಟಬೇಡಿ.