ಸೋಮವಾರ ಯಾವಾಗ ಶುರುವಾಗುತ್ತದೆ

ಇಶ್ರತ್ ಹಟ ಹಿಡಿದರೆ ಹಿಡಿದಳೇ. ಬಿಸಿಎ ಓದಿ, ಆನವಟ್ಟಿಯಲ್ಲಿ ಗಂಡ ಕಲೀಮನ ಜೊತೆ ಜೆರಾಕ್ಸ್ ಅಂಗಡಿ ನಡೆಸುವವಳು. ಕ್ಯಾಸನೂರು ಕಡೆಯ ಹೆಂಗಸರ ಸಂಘಕ್ಕೆ ಅವಳೊಂದು ಏರ್ಪಾಡು ಮಾಡಿಕೊಟ್ಟಿದ್ದಳು. ಕಾಡಿಗೆ ಹೋಗುವವರಿಗೆ ಕಂಪ್ಯೂಟರೇ ಫೋನು ಮಾಡಿ, ಸಂಘದ ಮುಖ್ಯಸ್ಥೆ ರೋಜಾಳ ದನಿಯಲ್ಲಿ, ಉಣುಗು ಹತ್ತದ ಹಾಗೆ ಎಣ್ಣೆ ಹಚ್ಚಿಕೊಳ್ಳಿ ಎನ್ನಬೇಕು. ರಕ್ತ ಹೀರುವ ಆ ಹುಳದಿಂದ ಹರಡುವ ಮಂಗನ ಕಾಯಿಲೆಯೆಂದರೆ ಹುಡುಗಾಟವೇ? ಆದರೆ ಯಾರಿಗೆ, ಯಾವಾಗ ಎಂಬುದನ್ನು ಬದಲಿಸಬೇಕಾದಾಗಲೆಲ್ಲ ಇಶ್ರತ್ತೇ ಬೇಕು. ಅವಳೋ ತುಂಬು ಬಸುರಿ, ಹೆರಿಗೆಗೆ ಶಿಕಾರಿಪುರದ ತವರಿಗೆ ಹೊರಡುವವಳು. ಅಷ್ಟರೊಳಗೆ ಹೆಂಗಸರೇ ಕಂಪ್ಯೂಟರಿಗೆ ಹೇಳಲು ಕಲಿಯದಿದ್ದರೆ ಆ ಫೋನು ಅಲ್ಲಿಗೇ ನಿಂತ ಹಾಗೆ.

ಮೊದಲು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಸಲು ಹೋದಳು. ಅದೇ ಸುಲಭ ಎಂದು ಕಾಲೇಜಿನಲ್ಲಿ ಹೇಳಿದ್ದರಲ್ಲ! ಸಾಲಿನ ಮುಂದೆ ಒಂದಿಷ್ಟು ಜಾಗ ಹೆಚ್ಚುಕಡಿಮೆಯಾದರೂ ಅದು ಇಂಗ್ಲಿಷಿನಲ್ಲಿ ಬೈಯುತ್ತಿತ್ತು. ರೋಜಾ ಕೈಮುಗಿದಳು. "ಮೇಡಂ, ಇದು ನಮ್ಮತ್ತೆಗಿಂತ ಕಡೆ ಕಣ್ರೀ. ಏನ್ ತಪ್ಪು ಅಂತ ತಿಳಿಯಂಗೆ ಹೇಳದೇ ಬೈತದೆ."

"ನೀನೇ ಎಲ್ಲ ಬರೆದಿಟ್ಟು ಹೋಗು, ಅವರಿಗ್ಯಾಕೆ ಈ ತಲೆನೋವು?" ಎಂದ ಕಲೀಂ.

"ನಾನಿಲ್ಲದಾಗ ಬದಲಿಸೋದು ಯಾರು, ನೀವಾ?" ಎಂದು ಅವನ ಬಾಯಿ ಮುಚ್ಚಿಸಿದಳು. ಪೈಥಾನನ್ನು ಬದಿಗಿಟ್ಟು, ಕನ್ನಡದ ಹತ್ತಾರು ಮಾತಷ್ಟೇ ಇರುವ ಪುಟ್ಟ ಭಾಷೆಯೊಂದನ್ನು ತಾನೇ ಕಟ್ಟಿದಳು.

ರೋಜಾ ಅದರಲ್ಲಿ ಬರೆದಳು: 'ಸೋಮವಾರ ಆದರೆ ಎಲ್ಲರಿಗೂ ಫೋನ್ ಮಾಡು.' ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವ ಹಾಗಿಲ್ಲ. ಹಾಗಾಗಿ ಜನ ಒಣಗಿದೆಲೆ, ಸೌದೆ ತರಲು ಕಾಡಿಗೆ ಹೋಗುವುದು ಅವತ್ತೇ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಕುರಿ ಸಾಕುವ ಉಜ್ಜಪ್ಪ ಅಂಗಡಿಗೆ ಬಂದ. ಹಿಂದೆಯೇ ರೋಜಾ. ಉಜ್ಜಪ್ಪ ಹಾರಾಡಿದ: "ನಡುರಾತ್ರೀಲಿ ಫೋನ್ ಹೊಡೆದ್ರೆ ಯಾರು ಸತ್ರು ಅನ್ಕಬೇಕ್ರೀ? ನಮ್ಮವ್ವ ಎದ್ದು ಅಳಾಕೇ ಶುರು ಮಾಡಿದ್ಲು!"

ಊರಿನ ಸೋಮವಾರ ಕೋಳಿ ಕೂಗಿದ ಮೇಲೆ ಶುರು. ಕಂಪ್ಯೂಟರಿನದು ರಾತ್ರಿ ಹನ್ನೆರಡಕ್ಕೇ. ಭಾಷೆ ಕಟ್ಟಿದವಳಿಗೂ ಇದು ಹೊಳೆದಿರಲಿಲ್ಲ, ನೋಡಿ! ರೋಜಾಳ ಮುಖ ಸಪ್ಪಗಾಯಿತು. "ನಮ್ ಕೈಲಾಗಲ್ಲ ಬಿಡ್ರೀ. ನೀವೇ ಸರಿ ಮಾಡಿ."

ಇಶ್ರತ್ತಳ ಬೆರಳು ಕೀಬೋರ್ಡಿನ ಕಡೆ ಹೋಯಿತು. ಚಿಟಿಕೆ ಹೊಡೆಯುವಷ್ಟರ ಕೆಲಸ. ಆದರೂ ಕೈಕಟ್ಟಿ ಕೂತಳು. "ಇಲ್ಲ ರೋಜಕ್ಕ. ಬಾಯಲ್ಲಿ ಹೇಗೆ ಹೇಳ್ತೀರೋ ಹಾಗೇ ಬರೀರಿ."

ರೋಜಾ ತುಟಿ ಕಚ್ಚಿಕೊಂಡು ಒಂದೊಂದೇ ಅಕ್ಷರ ಒತ್ತಿದಳು: 'ಭಾನುವಾರ ಸಂಜೆ ಏಳು ಆದರೆ ಎಲ್ಲರಿಗೂ ಫೋನ್ ಮಾಡು.' ಅದು ಸರಿಯಾಗಿಯೇ ನಡೆಯಿತು. ಇಶ್ರತ್ ತವರಿಗೆ ಹೋದಳು.

ಅಲ್ಲಿ ಒಂದು ಗುರುವಾರ ಸಂಜೆ ಅವಳ ಮೊಬೈಲು ಬಡಿದುಕೊಂಡಿತು. ಫೋನು ಹೋಗುವವರ ಪಟ್ಟಿಯಲ್ಲಿ ಅವಳ ನಂಬರೂ ಇತ್ತು. ಎಣ್ಣೆ ಹಚ್ಚಿಕೊಳ್ಳಿ ಎಂಬ ಅದೇ ದನಿ! ಕೂಡಲೇ ರೋಜಾಳಿಗೆ ಫೋನು ಹಚ್ಚಿದಳು. "ರೋಜಕ್ಕ, ಇವತ್ತು ಗುರುವಾರ! ಏನು ಕೆಟ್ಟೋಯ್ತು?"

"ಏನೂ ಕೆಟ್ಟಿಲ್ರೀ. ನಾಳೆ ಅಮಾಸೆ. ಅವತ್ತೂ ಎತ್ತು ಹೂಡಲ್ಲ, ಜನ ಕಾಡಿಗೆ ಹೋಗ್ತಾರೆ. ಕ್ಯಾಲೆಂಡರ್ ನೋಡಿ ನಾನೇ ಬರೆದೆ."

ಇಶ್ರತ್ತಳಿಗೆ ಸಂತೋಷವೇನೋ ಆಯಿತು, ಅದರ ಜೊತೆ ಒಂಚೂರು ಹೊಟ್ಟೆಕಿಚ್ಚೂ ಆಯಿತು. "ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಅಯ್ಯೋ, ಅದ್ರಲ್ಲಿ ಕೇಳಾದೇನಿದೆ ಮೇಡಂ?" ಎಂದಳು ರೋಜಾ.